ತವರಿನ ರಕ್ತ

ಮುಕ್ತಾ ಹೆದರಿ ಫೋನು ಮಾಡಿದಾಗ ಅವಳ ತಾಯಿ ಮಾಧುರಿ ನಕ್ಕುಬಿಟ್ಟಳು. ಎರಡು ತಿಂಗಳ ಬಸುರಿ ಮಗಳ ರಕ್ತಪರೀಕ್ಷೆಯಲ್ಲಿ ಥಲಸೇಮಿಯಾ ಎಂಬ ರಕ್ತರೋಗದ ಒಂದು ಜೀನ್ ಸಿಕ್ಕಿತ್ತು. ಗಂಡ ಓಂಕಾರನ ರಕ್ತವನ್ನೂ ಬೇಗ ನೋಡಬೇಕೆಂದು ಡಾಕ್ಟರು ಹೇಳಿದ್ದರು. ಮಾಧುರಿಯಾದರೋ ಪುಣೆಯ ಕಾಲೇಜೊಂದರಲ್ಲಿ ತಳಿಶಾಸ್ತ್ರ ಕಲಿಸುತ್ತಲೇ ತಲೆ ನರೆತವಳು.

"ಒಂದ ಜೀನ್ ಇದ್ದರ ಏನೂ ಆಗೂದಿಲ್ಲ. ಓಂಕಾರಗೂ ಅದ ಇದ್ದರಷ್ಟ ಕೂಸಿಗೆ ತ್ರಾಸು. ನೂರು ಮಂದ್ಯಾಗ ಮೂರು-ನಾಕು ಮಂದಿಗೆ ಇರ್ತದ ಅದು. ಸುಮ್ಮ ತಲಿ ಕೆಡಿಸ್ಕೋಬ್ಯಾಡ."

ಅತ್ತೆಯೇ ಹೀಗೆ ಹೇಳಿದ ಮೇಲೆ ಓಂಕಾರನಿಗೇನು ಅವಸರ? ಹಿಂಜವಾಡಿಯ ಆಫೀಸಿನ ಗಡಿಬಿಡಿಯಲ್ಲಿ ಮುಂದಿನ ವಾರ ನೋಡೋಣ ಎಂದ.

ಓಂಕಾರ ಹೊರಗಿನವನಲ್ಲ, ಮಾಧುರಿಯ ಅಣ್ಣ ಏಕನಾಥನ ಮಗ. ಮಾಧುರಿಯ ತಾಯಿ ಅಂಬವ್ವನಂತೂ ಸ್ವಂತ ಸೋದರಮಾವನನ್ನೇ ಮದುವೆಯಾದವಳು. ಧಾರವಾಡದಿಂದ ಬಂದು ಪುಣೆಯಲ್ಲಿ ಬೇರುಬಿಟ್ಟರೂ, ಓಣಿಯಲ್ಲಿ ಮರಾಠಿಯೇ ಬಾಯಿಗೆ ಬಂದರೂ, ಈ ರೂಢಿ ಮಾತ್ರ ಕದಲಲಿಲ್ಲ. "ನನ್ನ ಮಗಳು ನನ್ನ ತವರಿಗೇ ಹೊಂಟಾಳ" ಎಂದು ಮದುವೆಯ ಮಂಟಪದಲ್ಲಿ ಮಾಧುರಿ ಬೀಗಿದ್ದೇ ಬೀಗಿದ್ದು. ಕಲಿತದ್ದನ್ನೆಲ್ಲ ಕಾಲೇಜಿನ ಗೇಟಿನಲ್ಲೇ ಬಿಟ್ಟು ಮನೆಗೆ ಬರುತ್ತಿದ್ದಳೋ ಏನೋ!

ಆ ವಾರವೇ ತರಗತಿಯಲ್ಲಿ ತಳಿ ಸಮತೋಲನದ ಪಾಠ ಬಂತು. ಜನಸಮುದಾಯ ದೊಡ್ಡದಿದ್ದು, ಹೊರಗಿನವರು ಬಂದು ಸೇರದೆ, ಹೊಸ ಬದಲಾವಣೆ ಹುಟ್ಟದೆ, ಯಾವ ಗುಣಕ್ಕೂ ಹೆಚ್ಚು ಕಡಿಮೆ ಉಳಿವಿಲ್ಲದೆ ಇದ್ದರೆ ಜೀನುಗಳ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಹಾಗೇ ನಿಲ್ಲುತ್ತದೆ. ಅದು ಕದಲುವುದೇ ವಿಕಾಸ. ಇಷ್ಟು ಹೇಳಿ ಕೊನೆಯ ಷರತ್ತನ್ನು ಬೋರ್ಡಿನ ಮೇಲೆ ಬರೆದಳು: ಜೋಡಿಗಳು ಕೂಡುವಾಗ ರಕ್ತಸಂಬಂಧ ಹುಡುಕಬಾರದು. ಹುಡುಕಿದರೆ, ಅಡಗಿ ಕುಳಿತ ಜೀನುಗಳು ಒಂದೇ ಮಗುವಿನಲ್ಲಿ ಜೊತೆಯಾಗುವುದು ಹೆಚ್ಚುತ್ತದೆ.

ಅವಳ ಕೈ ಅಲ್ಲೇ ನಿಂತಿತು. ನೂರಕ್ಕೆ ಮೂರು-ನಾಲ್ಕು ಎಂಬುದು ಊರಿನ ಲೆಕ್ಕ, ಅವಳ ಮನೆಯದಲ್ಲ. ಅಂಬವ್ವ ಹೆತ್ತ ಎರಡು ಕೂಸುಗಳು ನೆನಪಾದವು. ಮೈ ಬಿಳಿಚಿ, ಹೊಟ್ಟೆ ಉಬ್ಬಿ, ನಡೆಯಲು ಕಲಿಯುವ ಹೊತ್ತಿಗೆ ತೀರಿಕೊಂಡಿದ್ದವು. ದೃಷ್ಟಿ ತಾಗಿತು ಎಂದು ಮನೆಯವರು ಹೇಳಿದ್ದನ್ನು ಮಾಧುರಿ ಈವರೆಗೆ ಕೆದಕಿ ನೋಡಿರಲಿಲ್ಲ. ಅವು ಇದೇ ರೋಗದ ಲಕ್ಷಣ. ಹಾಗಾದರೆ ಅಪ್ಪ ಅವ್ವ ಇಬ್ಬರಲ್ಲೂ ಆ ಜೀನ್ ಇತ್ತು. ಮುಕ್ತಾಳಿಗೆ ಅದು ತನ್ನಿಂದಲೇ ಬಂದಿರಬೇಕು. ಅಣ್ಣನಲ್ಲೂ ಇರಬಹುದು. ಓಂಕಾರನಲ್ಲಿ?

ತರಗತಿಯಿಂದ ಹೊರಬಂದು ಓಂಕಾರನಿಗೆ ಫೋನು ಮಾಡಿದಳು. "ಈಗಿಂದೀಗ ಹೋಗಿ ರಕ್ತ ಕೊಡು."

"ಅತ್ತಿ, ನೀವ ಅಂದಿದ್ರಲ್ಲಾ, ಏನೂ ಆಗೂದಿಲ್ಲಂತ?"

"ನಾ ತಪ್ಪು ಹೇಳಿದೆ, ಓಂಕಾರ. ಹೋಗಪಾ."

ಓಂಕಾರನಲ್ಲೂ ಇತ್ತು. ಆಮೇಲೆ ಗರ್ಭದ ಪರೀಕ್ಷೆಯಾಯಿತು. ನಾಲ್ಕರಲ್ಲಿ ಮೂರು ಪಾಲು ಒಳ್ಳೆಯದಾಗುವ ಸಾಧ್ಯತೆಯಿತ್ತು, ಮಾಧುರಿ ಅದನ್ನೇ ಹಿಡಿದುಕೊಂಡು ಕಾದಳು. ಕೂಸಿಗೆ ಎರಡೂ ಕಡೆಯಿಂದ ಬಂದಿತ್ತು.

ಸುದ್ದಿ ಕೇಳಿ ಮಗಳ ಮನೆಗೆ ಓಡಿದಳು. ಹೊರಗಿನ ಕೋಣೆಯಲ್ಲಿ ಏಕನಾಥ ತಂಗಿಯ ಮುಖ ನೋಡಲಾರದೆ ಕುಳಿತಿದ್ದ. ಒಳಗೆ ಮುಕ್ತಾ ಮಂಚದ ಮೇಲೆ ಹಳೆಯ ಸೀರೆಯೊಂದನ್ನು ಮಡಚುತ್ತಿದ್ದಳು.

"ಏನೂ ಆಗೂದಿಲ್ಲಂತ ನೀ ಹೇಳಿದಿ ಅಂತ, ಕೂಸಿನ ತಲಿಗೆ ಕುಂಚಿಗಿ ಹೊಲಿಯಾಕ ತಗದಿದ್ದೆ" ಎಂದಳು. ಮಾಧುರಿ ಮಗಳ ಪಕ್ಕ ಕುಳಿತಳು.

"ನಾವಿಬ್ಬರೂ ಮಾತಾಡೇವಿ, ಅವ್ವಾ. ಜೀವಮಾನ ಪೂರ್ತಿ ಸೂಜಿ, ಮಂದಿ ರಕ್ತ. ಅದಕ್ಕ ಅಷ್ಟು ತ್ರಾಸು ಕೊಡೂದು ಬ್ಯಾಡ. ನಾಳೆ ತಗಸಾಕ ದವಾಖಾನಿಗೆ ಹೊಂಟೇವಿ."

ಇಂಥ ಜೀನುಗಳು ಜೊತೆಯಾದಾಗ ನಿಸರ್ಗದ ಆಯ್ಕೆ ಅವನ್ನು ತೆಗೆದುಹಾಕುತ್ತದೆ ಎಂದು ಮಾಧುರಿ ವರ್ಷವರ್ಷವೂ ಬರೆಸುತ್ತಿದ್ದಳು. ಹುಡುಗರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ತೆಗೆದುಹಾಕುವುದು ಯಾರನ್ನು ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ಮುಕ್ತಾ ತಲೆ ಎತ್ತಿದಳು. "ಹೆಣ್ಣೋ ಗಂಡೋ, ಅದನ್ನೂ ಹೇಳೂಹಂಗಿಲ್ಲಂತ. ಏನಂತ ಕರದು ಅಳಲಿ, ಅವ್ವಾ?"

"ಕೂಸು ಅನ್ನು" ಎಂದಳು ಮಾಧುರಿ. "ನಮ್ಮ ಕೂಸು ಅನ್ನು." ಮಗಳಿಗಿಂತ ಮೊದಲು ಅವಳೇ ಅತ್ತಳು.