ನೀಲಿ ನೀರು

ಹೊಸ ಜೀನ್ಸ್ ಮೈಗೆ ಅಂಟಬೇಕೆಂದರೆ ಅದನ್ನು ತೊಟ್ಟೇ ಬಿಸಿನೀರಿನಲ್ಲಿ ಕೂರಬೇಕು. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ, ಥೇಮ್ಸ್ ದಂಡೆಯ ಡೆಟ್‌ಫರ್ಡಿನ ನಮ್ಮ ಬೀದಿಯಲ್ಲಿ, ಇದು ಗೊತ್ತಿಲ್ಲದವರನ್ನು ನಾವು ಹುಡುಗ ಹುಡುಗಿಯರು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಬುಡಕ್ಕೆ ಕತ್ತರಿಸಿದ ಕೂದಲು, ಹಮಾಲರ ಬೂಟು, ಪಕ್ಕದ ಮನೆಯ ಜಮೈಕಾದವರ ಹಾಡು, ಇಷ್ಟಿದ್ದರೆ ಊರೇ ನಮ್ಮದು.

ಆ ಶುಕ್ರವಾರ ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ಕುಣಿತ. ಆ ಮನೆಯ ಹುಡುಗ ಡೆಲ್ರಾಯ್ ನನ್ನನ್ನು ಕರೆಯಲು ಬರುವವನಿದ್ದ. ಹಡಗುಕಟ್ಟೆಯಲ್ಲಿ ಮೂಟೆ ಹೊರುವ ನನ್ನಪ್ಪ ಬೆಳಿಗ್ಗೆಯೇ ಮಗಳ ಮೇಲೆ ಗುಡುಗಿದ್ದ: "ಬಣ್ಣದವ್ನು ನನ್ನ ಹೊಸ್ತಿಲು ತುಳೀಕೂಡ್ದು. ನೀನಲ್ಲಿಗೆ ಹೋದ್ಯೋ, ತಿರುಗಿ ಈ ಮನೆಗೆ ಬರ್ಬೇಡ, ಐವಿ." ಬಿಳಿಯರಲ್ಲದವರೆಲ್ಲ ಅವನ ಬಾಯಲ್ಲಿ 'ಬಣ್ಣದವರು'. ಅಮ್ಮ ಹೋದ ಮೇಲೆ ನನಗಿದ್ದವನು ಅಪ್ಪನೊಬ್ಬನೇ. ಕುಣಿಯದೆ ಇರಲಾರೆ, ಅವನನ್ನು ಬಿಟ್ಟೂ ಇರಲಾರೆ.

ಅಡುಗೆಮನೆಯ ತಗಡಿನ ತೊಟ್ಟಿಯಲ್ಲಿ ಜೀನ್ಸ್ ತೊಟ್ಟು ಕುಳಿತೆ. ಗೋಡೆಯಾಚೆಯಿಂದ ತಾಳ ಬರುತ್ತಿತ್ತು, ನೀರು ಅದಕ್ಕೆ ನಡುಗುತ್ತಿತ್ತು. ಹಬೆಯಲ್ಲಿ ಕಣ್ಣು ಮುಚ್ಚಿದರೆ ನಾನು ತೇಲುತ್ತಿದ್ದೇನೆ, ಥೇಮ್ಸ್ ದಾಟಿ, ಹೆಸರೇ ಗೊತ್ತಿಲ್ಲದ ಯಾವುದೋ ಬಿಸಿಲಿನ ಕಡಲಿಗೆ. ಅಷ್ಟರಲ್ಲಿ ಕರೆಂಟಿನ ಮೀಟರಿಗೆ ಹಾಕಿದ್ದ ನಾಣ್ಯದ ಹೊತ್ತು ಮುಗಿದು ದೀಪ ಆರಿತು. ಬೀದಿಯಲ್ಲಿ ಅಪ್ಪನ ಬೂಟಿನ ಸದ್ದು! ಎದ್ದು ಕೋಣೆಗೆ ಓಡಿದೆ.

"ನೀರು ಬಿಸಿ ಇದ್ಯಾ?" ಒಳಬಂದ ಅಪ್ಪ ಕೂಗಿದ.

"ಇದೆ, ಆದ್ರೆ ಅಪ್ಪಾ..."

"ಬಾಯ್ಮುಚ್ಚು. ಬೆನ್ನು ಮುರ್ದೋಗಿದೆ."

ಕತ್ತಲಲ್ಲೇ ತೊಟ್ಟಿಗೆ ಇಳಿದ. ಎಷ್ಟೋ ಹೊತ್ತು ನೀರಿನಲ್ಲಿ ನೆನೆದ. ಆಮೇಲೆ ಅವನ ಹಿಮ್ಮಡಿ ತಗಡಿನ ಮೇಲೆ ಮೆಲ್ಲಗೆ ಬಡಿಯತೊಡಗಿತು. ಗೋಡೆಯಾಚೆಯ ಅದೇ ತಾಳ. ಅಬ್ಬಾ, ಕಳ್ಳ!

ಅಡುಗೆಮನೆಯ ಬಾಗಿಲು ಬಡಿದ ಸದ್ದಿಗೆ ಹೋಗಿ ತೆರೆದೆ. "ಯಾಕೆ ಕತ್ಲು? ನನ್ನತ್ರ ಶಿಲಿಂಗ್ ಇದೆ," ಎಂದು ಡೆಲ್ರಾಯ್ ಹೊರಗಿನಿಂದಲೇ ಕೈಚಾಚಿ, ಬಾಗಿಲ ಪಕ್ಕದ ಮೀಟರಿಗೆ ನಾಣ್ಯ ಹಾಕಿಯೇಬಿಟ್ಟ. ದೀಪ ಹತ್ತಿತು.

ನನ್ನ ಜೀನ್ಸಿನ ಬಣ್ಣವೆಲ್ಲ ನೀರಿಗಿಳಿದಿತ್ತು. ತೊಟ್ಟಿಯಲ್ಲಿ ಅಪ್ಪ ಕತ್ತಿನವರೆಗೆ ನೀಲಿ.

ಡೆಲ್ರಾಯ್ ಹೊಸ್ತಿಲಾಚೆ ನಿಂತು, "ಯಜಮಾನ್ರೇ, ನೀವು ಯಾವ ದೇಶದೋರು?" ಎಂದ.

ಅಪ್ಪ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಹಲ್ಲು ಕಿರ್ಕೊಂಡು ಯಾಕ್ ನಿಂತಿದ್ದೀಯೋ? ಒಳಗ್ ಬಂದು ಟವೆಲ್ ಕೊಡು."

ಆ ರಾತ್ರಿ ಹೋದೆ, ಕುಣಿದೆ, ಮನೆಗೂ ಬಂದೆ.

ವರ್ಷಗಳ ಮೇಲೆ ಅದೇ ಬೂಟಿನ, ಅದೇ ಬೋಳುತಲೆಯ ಬೇರೆ ಹುಡುಗರು ಜಮೈಕಾದವರನ್ನು ಓಡಿಸಲು ಕಲ್ಲು ಹಿಡಿದು ಡೆಲ್ರಾಯ್ ಮನೆಗೆ ಬಂದರು. ಆ ಬೂಟು ಯಾರ ತಾಳಕ್ಕೆ ಕುಣಿಯಲು ಕಲಿತದ್ದೆಂದು ಆ ಮುಠ್ಠಾಳರಿಗೆ ಗೊತ್ತಿರಲಿಲ್ಲ. ಮುದುಕ ಅಪ್ಪ ಕೋಲೂರಿಕೊಂಡು ಹೋಗಿ ಆ ಬಾಗಿಲಿಗೆ ಅಡ್ಡ ನಿಂತ.

"ಮೊದ್ಲು ನನಗೆ ಹೊಡೀರೋ," ಎಂದ. "ಈ ಬೀದೀಲಿ ನಾನೂ ಬಣ್ಣದವ್ನೇ."