ಸಣ್ಣ-ಬೂದು

ಆ ಕುರ್ಚಿ ನನಗೆ ಬೇಕಿತ್ತು. ಕಿಟಕಿಯ ಪಕ್ಕದ ಮೂರನೇ ಮೇಜಿನದು. ಅದರ ಒಂದು ಕೈ ಮುರಿದಿದೆ, ಕೂತರೆ ಎಡಕ್ಕೆ ವಾಲುತ್ತದೆ. ಒಂದು ತಿಂಗಳು ಕೆಲಸ ನೋಡಿ, ಆಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತೇನೆ ಎಂದಿದ್ದರು ಮೇಷ್ಟ್ರು. ಬಿಟ್ಟರೆ ಚಿಕ್ಕಮ್ಮನ ಹೊಲಿಗೆ ಅಂಗಡಿಗೆ ವಾಪಸು ಹೋಗಿ ಗುಂಡಿ ಹೊಲಿಯಬೇಕು. ತಿಂಗಳಲ್ಲಿ ಇನ್ನು ಮೂರು ದಿನ ಉಳಿದಿದ್ದವು.

ನಮ್ಮದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯ ಆಫೀಸು. ಅಕ್ಕಪಕ್ಕದ ಬೀದಿಗಳ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಮೇಷ್ಟ್ರು ಮೊದಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು, ಈಗ ಇಲ್ಲಿನ ಯಜಮಾನರು. ಪುಟಗಳನ್ನು ಕಟ್ಟುವವನು ಅವಸರಣ್ಣ. ಆ ಹೆಸರು ಕೆಳಗಿನ ಸೈಕಲ್ ಅಂಗಡಿಯವರು ಇಟ್ಟದ್ದು. ಅವನು ಮೆಟ್ಟಿಲನ್ನು ಎಂದೂ ಒಂದೊಂದಾಗಿ ಹತ್ತಿದವನಲ್ಲ. ನಾನು ಫೋಟೋ ಕತ್ತರಿಸಲು ಬಂದವಳು. ಮಂಚದ ಹಿಂದೆ ಇಣುಕುವ ಪೊರಕೆ, ಮೇಜಿನ ಮೇಲೆ ಬಿದ್ದ ಯಾರದೋ ನೆರಳು, ಇಂಥವನ್ನು ತೆಗೆದು ಚಿತ್ರವನ್ನು ಚೊಕ್ಕ ಮಾಡುವುದು ನನ್ನ ಕೆಲಸ.

ಎರಡನೇ ವಾರ ಮೇಷ್ಟ್ರು ನನಗೆ ಕ್ಲಾಸ್ ಎಂದರೇನೆಂದು ಹೇಳಿಕೊಟ್ಟರು. ಪುಟದಲ್ಲಿರುವ ಪ್ರತಿ ಚಿತ್ರಕ್ಕೂ ಒಂದು ಹೆಸರಿನ ಚೀಟಿ ಅಂಟಿಸುತ್ತಾರೆ, ಅದೇ ಕ್ಲಾಸ್. ಈ ಹೆಸರಿನವು ಇಷ್ಟು ಅಗಲ ಇರಬೇಕು, ಈ ಬಣ್ಣದಲ್ಲಿ ಕಾಣಬೇಕು ಎಂದು ಇನ್ನೊಂದು ಕಡೆ ಬರೆದಿರುತ್ತಾರೆ. ಅಲ್ಲಿ ಒಂದು ಸಾಲು ಬದಲಿಸಿದರೆ ಆ ಚೀಟಿ ಹೊತ್ತ ಚಿತ್ರಗಳೆಲ್ಲ ಒಟ್ಟಿಗೆ ಮಾತು ಕೇಳುತ್ತವೆ.

"ಒಂಬತ್ತನೇ ಕ್ಲಾಸ್ ಬಿಟ್ಟು ಬಂದವಳಿಗೆ ಮತ್ತೆ ಕ್ಲಾಸೇ ಗತಿ ನೋಡು," ಎಂದು ಅವಸರಣ್ಣ ನಕ್ಕ. ನಾನೂ ನಕ್ಕೆ. ಈ ಕ್ಲಾಸು ನನಗೆ ಮೊದಲ ದಿನವೇ ಹಿಡಿಸಿತ್ತು.

ಹೆಸರುಗಳು ನಾವಾಡುವ ಮಾತಿನವೇ ಆಗಿರಬೇಕು, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಸಾಕು ಎಂಬುದು ಮೇಷ್ಟ್ರ ಕಟ್ಟಪ್ಪಣೆ. ಅವಸರಣ್ಣ ಕಣ್ಣಿಗೆ ಕಂಡದ್ದನ್ನೇ ಹೆಸರಾಗಿ ಇಡುತ್ತಿದ್ದ: ಎಡ-ದೊಡ್ಡ, ಕೆಂಪು-ಅಂಚು, ಸಣ್ಣ-ಬೂದು. ಅದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಮನೆಯ ನೀಲಿ ಡಬ್ಬಿ ನೆನಪಾಗುತ್ತಿತ್ತು. ಸಕ್ಕರೆ ಇರುವುದು ನೀಲಿ ಡಬ್ಬಿಯಲ್ಲಿ. ಅದು ಒಡೆದುಹೋಗಿ ಆರು ವರ್ಷವಾಯಿತು. ಈಗಿರುವುದು ಹಳದಿ, ಹೆಸರು ಮಾತ್ರ ನೀಲಿಯೇ. ಹೊಸದಾಗಿ ಬಂದ ಅತ್ತಿಗೆ ಮೊದಲ ದಿನ ಅಡುಗೆಮನೆಯೆಲ್ಲ ಹುಡುಕಿ, ನಿಜವಾಗಿ ನೀಲಿಯಾಗಿದ್ದ ಒಂದು ಡಬ್ಬಿ ಸಿಕ್ಕಿ, ಅದರಲ್ಲಿದ್ದ ಉಪ್ಪನ್ನು ಎಲ್ಲರ ಚಹಾಕ್ಕೂ ಹಾಕಿದ್ದಳು. ಅಣ್ಣನೊಬ್ಬ ಮಾತ್ರ ತುಟಿಪಿಟಕ್ಕೆನ್ನದೆ ಪೂರ್ತಿ ಕುಡಿದ.

ಪಕ್ಕದ ಬೀದಿಯಲ್ಲಿ ಮರದ ಸಾಮಾನು ಮಾಡಿ ಮಾರುವ ಬಡಗಿಯವರ ವೆಬ್‌ಸೈಟಿನಲ್ಲಿ ಸಣ್ಣ-ಬೂದು ಎಂಬ ಚೀಟಿ ಎರಡು ಬಗೆಯ ಚಿತ್ರಗಳ ಮೇಲಿತ್ತು. ಮಾರಾಟವಾಗಿ ಹೋದ ಕುರ್ಚಿ ಮಂಚಗಳನ್ನು ಚಿಕ್ಕದು ಮಾಡಿ, ಬಣ್ಣ ತೆಗೆದು ತೋರಿಸುತ್ತಿದ್ದೆವು, ಅವು ಮೂವತ್ತೆಂಟು. ಬಡಗಿಯವರ ತೀರಿಹೋದ ತಂದೆಯ ಕಾಲದ ಕಪ್ಪುಬಿಳುಪು ಫೋಟೋಗಳು ಹನ್ನೊಂದು. ಅವೂ ಸಣ್ಣವು, ಅವೂ ಬೂದು. ಒಂದೇ ಹೆಸರು ಸಾಕೆಂದಿದ್ದ ಅವಸರಣ್ಣ. ಆ ನಲವತ್ತೊಂಬತ್ತನ್ನೂ ಕತ್ತರಿಸಿದವಳು ನಾನು. ಇದು ಒಂದಲ್ಲ ಒಂದು ದಿನ ಕೈಕೊಡುತ್ತದೆ ಎಂದು ನನಗೆ ಖಾತ್ರಿಯಿತ್ತು. ಯಾವ ನಂಬರಿನ ಚಿತ್ರ ಯಾವುದು, ಅದಕ್ಕೆ ಯಾವ ಹೆಸರು ಒಪ್ಪುತ್ತದೆ ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದೂ ಇಟ್ಟಿದ್ದೆ. ಹೇಳಿರಲಿಲ್ಲ. ಹೇಳಲು ಬಾಯಿ ತೆರೆಯಬೇಕಲ್ಲ.

ಆ ದಿನ ಬೆಳಿಗ್ಗೆ ಬಡಗಿಯವರು ಫೋನ್ ಮಾಡಿ, ಮಾರಾಟವಾದ ಸಾಮಾನು ಇನ್ನು ಕಾಣುವುದು ಬೇಡ, ಗಿರಾಕಿಗಳು ಅದನ್ನೇ ಕೇಳಿ ಪ್ರಾಣ ತಿನ್ನುತ್ತಾರೆ ಎಂದರು. ಅವಸರಣ್ಣ ಒಂದು ಸಾಲು ಬರೆದ. ಸಣ್ಣ-ಬೂದು ಎಂಬ ಚೀಟಿ ಇದ್ದದ್ದೆಲ್ಲ ಮಾಯ. ಎರಡು ನಿಮಿಷದ ಕೆಲಸ ಎಂದು ಸಿಳ್ಳೆ ಹಾಕುತ್ತ ಕೆಳಗೆ ಚಹಾಕ್ಕೆ ಹೋದ. ನಾನು ಎದ್ದು ನಿಂತೆ, ಮತ್ತೆ ಕೂತೆ.

ಹತ್ತು ಗಂಟೆಗೆ ಬಡಗಿಯವರೇ ಮೆಟ್ಟಿಲು ಹತ್ತಿ ಬಂದರು. ತೋಳಿನ ಮೇಲೆ ಮರದ ಹೊಟ್ಟು ಹಾಗೇ ಇತ್ತು. ಅವರು ಕೂಗಾಡಲಿಲ್ಲ. ಮೊಬೈಲನ್ನು ಮೇಷ್ಟ್ರ ಮುಂದೆ ಇಟ್ಟರು.

"ನಮ್ಮಪ್ಪ ಎಲ್ಲಿ, ಮೇಷ್ಟ್ರೇ?"

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಆಗಷ್ಟೇ ಬಂದ ಅವಸರಣ್ಣನಿಗೆ ಅರ್ಥವಾಯಿತು. ಅವನ ಮುಖದಿಂದ ಸಿಳ್ಳೆ ಇಳಿಯಿತು.

"ಕುರ್ಚಿ ತೆಗೀರಿ ಅಂದ್ರೆ ಅಪ್ಪನ್ನೂ ತೆಗೆದುಬಿಟ್ಟಿದ್ದೀರಲ್ಲ. ಅವರನ್ನೇನು ನಾನು ಮಾರಿದ್ನಾ?" ಎಂದರು ಬಡಗಿ. ಹನ್ನೊಂದಕ್ಕೆ ಅವರ ತಾಯಿ ಅಂಗಡಿಗೆ ಬರುವವರಿದ್ದರು. ದೊಡ್ಡ ಪರದೆಯ ಮೇಲೆ ಅಪ್ಪನ ಫೋಟೋ ತೋರಿಸುತ್ತೇನೆ ಎಂದು ಇವರು ಮಾತು ಕೊಟ್ಟಾಗಿತ್ತು. ಅಷ್ಟರೊಳಗೆ ಸರಿಯಾಗದಿದ್ದರೆ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿಯೂ ಹೇಳಿದರು.

ಅವಸರಣ್ಣ ಆ ಒಂದು ಸಾಲನ್ನು ಅಳಿಸಿದ. ಅಪ್ಪ ಬಂದರು, ಜೊತೆಗೆ ಮೂವತ್ತೆಂಟು ಸಾಮಾನುಗಳೂ ಬಂದವು. ಬಡಗಿಯವರು ಹೀಗಲ್ಲ ಎಂದು ತಲೆಯಾಡಿಸಿದರು. ಬೇರೆ ಮಾಡಬೇಕೆಂದರೆ ಒಂದೊಂದನ್ನೂ ತೆರೆದು ನೋಡಬೇಕು, ಒಳಗೆ ಕ್ಯಾಮೆರಾ ಕೊಟ್ಟ ನಂಬರುಗಳಷ್ಟೇ ಇವೆ, ಮಧ್ಯಾಹ್ನವಾಗುತ್ತದೆ ಎಂದ ಅವಸರಣ್ಣ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ನಮ್ಮಲ್ಲಿ ಅತಿ ಹೆಚ್ಚು ಚಿತ್ರಗಳಿದ್ದದ್ದು ಬಡಗಿಯವರದೇ. ಅವರು ಹೋದರೆ ಮೂರನೇ ಕುರ್ಚಿಗೆ ಕೆಲಸವೇ ಇರುವುದಿಲ್ಲ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ನಂಬರು ನನ್ನ ಹತ್ರ ಇದೆ," ಎಂದೆ.

ಮೂವರೂ ತಿರುಗಿ ನೋಡಿದರು. "ಮೌನಗೌರಿ ಮಾತಾಡ್ತು," ಎಂದ ಅವಸರಣ್ಣ, ಆದರೆ ಮೆಲ್ಲಗೆ.

ನೋಟ್‌ಬುಕ್ ತೆರೆದಿಟ್ಟು ನಾನೇ ಹೊಡೆಯತೊಡಗಿದೆ. ಕುರ್ಚಿ ವಾಲಿತು. ಹಿಂದೆ ನಿಂತಿದ್ದ ಬಡಗಿಯವರು, ಯೋಚಿಸದೆಯೇ, ಅದರ ಬೆನ್ನನ್ನು ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿದರು. ಮೂವತ್ತೆಂಟರ ಚೀಟಿ ಬದಲಿಸಿ 'ಮಾರಾಟ-ಆಯ್ತು' ಎಂದು ಬರೆದೆ. ಉಳಿದ ಹನ್ನೊಂದು ಫೋಟೋಗಳಿಗೆ ಮೊದಲು 'ಅಪ್ಪ' ಎಂದು ಹಾಕಿದೆ. ಆದರೆ ಎರಡು ಫೋಟೋಗಳಲ್ಲಿ ಅಪ್ಪ ಇರಲಿಲ್ಲ. ಒಂದರಲ್ಲಿ ಹಳೆಯ ಗರಗಸ, ಇನ್ನೊಂದರಲ್ಲಿ ಅಂಗಡಿಯ ಮೊದಲ ಬಾಗಿಲು. ಅಳಿಸಿ 'ಅಂಗಡಿ-ಚರಿತ್ರೆ' ಎಂದು ಬರೆದೆ.

ಅವಸರಣ್ಣ ತಡೆಯಲಾರದೆ ಬಗ್ಗಿದ. "ಇದರಿಂದ ಅದು ಬೂದು ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗೋದೇ ಬೇಡ ಅಣ್ಣ. ನಾಳೆ ಫೋಟೋಗೆ ಬಣ್ಣ ಹಾಕಿಸಿದ್ರೂ ಅವರು ಇವರ ಅಪ್ಪನೇ ಅಲ್ವಾ?"

ನಾನು ಒಂದೇ ಉಸಿರಿಗೆ ಅಷ್ಟು ಮಾತನ್ನು ಆ ಕೋಣೆಯಲ್ಲಿ ಆಡಿದ್ದು ಅದೇ ಮೊದಲು.

'ಮಾರಾಟ-ಆಯ್ತು' ಎಂಬುದನ್ನು ಮುಚ್ಚಿದೆ. ಸಾಮಾನುಗಳು ಹೋದವು, ಅಪ್ಪ ಉಳಿದರು. ಗಡಿಯಾರದಲ್ಲಿ ಹತ್ತೂವರೆ. ಬಡಗಿಯವರು ಸ್ವಲ್ಪ ಹೊತ್ತು ನೋಡಿ, ಅಮ್ಮನ ಕಣ್ಣು ಮಂಜು, ಅಪ್ಪನ ಫೋಟೋಗಳನ್ನು ಕೊಂಚ ದೊಡ್ಡದು ಮಾಡಲು ಬರುತ್ತದೆಯೇ ಎಂದು ಕೇಳಿದರು. ಒಂದು ಅಂಕಿ ಬದಲಿಸಿದೆ. ಹನ್ನೊಂದೂ ಚಿತ್ರಗಳು ಒಟ್ಟಿಗೆ ಬೆಳೆದವು. ಉಳಿದದ್ದು ಯಾವುದೂ ಅಲುಗಲಿಲ್ಲ. ಅವರು ಕುರ್ಚಿಯ ಬೆನ್ನನ್ನು ಬಿಟ್ಟು, ಅದರ ಮುರಿದ ಕೈಯನ್ನೊಮ್ಮೆ ಮುಟ್ಟಿ ನೋಡಿ, ಮೆಟ್ಟಿಲಿಳಿದರು.

ಅವಸರಣ್ಣ ನನ್ನ ನೋಟ್‌ಬುಕ್ಕನ್ನು ತನ್ನತ್ತ ಎಳೆದುಕೊಂಡು ಹಾಳೆ ತಿರುವಿದ. ಈ ಸಲ ಸಾವಕಾಶವಾಗಿ.

"ಸಣ್ಣ-ಬೂದು ಥರದ ಹೆಸರು ಇನ್ನೂ ಎಷ್ಟಿವೆ?" ಎಂದು ಮೇಷ್ಟ್ರು ಕೇಳಿದರು.

"ಹತ್ತೊಂಬತ್ತು, ಸರ್."

"ಎಲ್ಲ ಸರಿ ಮಾಡೋಕೆ ಎಷ್ಟು ದಿನ ಬೇಕಮ್ಮ?"

ಎರಡು ದಿನ ಎಂದು ಹೇಳಬಹುದಿತ್ತು. ಆದರೆ ಅದು ಅವಸರಣ್ಣನ ಲೆಕ್ಕವಾಗುತ್ತಿತ್ತು.

"ನಾಲ್ಕು ದಿನ."

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ಲೆಕ್ಕದ ಮೇಷ್ಟ್ರಲ್ಲವೇ. "ನಿಂಗೆ ಉಳಿದಿರೋದು ಮೂರೇ ದಿನ. ತಿಂಗಳು ದಾಟುತ್ತಲ್ಲ?"

"ದಾಟುತ್ತೆ, ಸರ್," ಎಂದೆ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ತಮ್ಮ ಮೇಜಿನ ಕಡೆ ತಿರುಗಿದರು.

"ದಾಟಲಿ."