ಬರೀ ಜೆಲ್ಲು

"ಆ ಕೈ ಮುಚ್ಚೇ, ಕೊನೇ ಸಲ ನೋಡೋಕೆ ಬಂದವರು ಏನೋ ರೋಗ ಅಂದ್ಕೋತಾರೆ," ಎಂದು ಚಿಕ್ಕಮ್ಮ ಹೊದಿಕೆ ಎಳೆದಳು. ಮಗಳು ಅದನ್ನು ಸರಿಸಿ, ಒದ್ದೆ ಬಟ್ಟೆಯಿಂದ ಅಮ್ಮನ ಮುಂಗೈಯನ್ನು ಮತ್ತೊಮ್ಮೆ ಒರೆಸಿದಳು. ಪೆನ್ನಿನ ಗೆರೆಗಳು ಹೋದವು, ಒಳಗಿನ ಕೆಂಪು ಚೌಕಗಳು ಹೋಗಲಿಲ್ಲ. ಚರ್ಮದ ಉರಿಯೂತಕ್ಕೆ ಗಿಡಮೂಲಿಕೆಯ ಜೆಲ್ ತಯಾರಿಸುವುದು ಅಮ್ಮನ ಕೆಲಸವಾಗಿತ್ತು. ಹೊಸದು ಯಾವುದಾದರೂ, ಪೆನ್ನಿನಿಂದ ಚೌಕ ಗುರುತಿಸಿ, ಮೊದಲು ಹಚ್ಚಿ ನೋಡುತ್ತಿದ್ದುದು ಆ ಕೈಗೇ.

ಒಳಕೋಣೆಯಿಂದ ಅಜ್ಜಿ ಕೂಗಿದಳು. "ನನ್ನ ಡಬ್ಬಿ ಎಲ್ಲಿ? ಯಾರಾದ್ರೂ ತಂದ್ಕೊಡ್ರೇ!"

"ಸೊಸೆ ಇಲ್ಲಿ ಹೀಗೆ ಮಲಗಿದಾಳೆ, ಇವರಿಗೆ ತುರಿಕೆದೇ ಚಿಂತೆ!" ಚಿಕ್ಕಮ್ಮ ಹಲ್ಲು ಕಡಿದಳು.

ಪ್ರಯೋಗಾಲಯದಲ್ಲಿ ಅಮ್ಮನ ಜೊತೆಗಿದ್ದ ಹೆಂಗಸು ಚೀಲದಿಂದ ಡಬ್ಬಿಯೊಂದನ್ನು ತೆಗೆದು ಮಗಳಿಗೆ ಕೊಟ್ಟಳು. "ಅಜ್ಜೀದು. ಮೇಡಂ ಮಾಡಿಟ್ಟಿದ್ರು. ಇದರಲ್ಲಿ ಔಷಧಿ ಇಲ್ಲಮ್ಮ, ಬರೀ ಜೆಲ್ಲು. ಅಜ್ಜಿಗೆ ಹೇಳ್ಬೇಡ."

\*

ವರ್ಷಗಳ ಹಿಂದೆ, ಜೆಲ್ಲಿನ ಪರೀಕ್ಷೆಗೆ ಜನ ಸಾಲದೆ ಅಮ್ಮ ಸಪ್ಪೆ ಮುಖ ಹೊತ್ತು ಬಂದ ಸಂಜೆ, ಅವಳ ಅತ್ತೆ ತಾನಾಗಿ ತನ್ನ ತುರಿಕೆಯ ತೋಳು ಚಾಚಿದ್ದಳು. "ನಿನ್ನ ಸೊಪ್ಪಿನ ರಸ ನನಗೂ ಬಳಿ, ನೋಡೋಣ." ಅಲ್ಲಿಯವರೆಗೆ ಅವರಿಬ್ಬರ ನಡುವೆ 'ಊಟ ಆಯ್ತಾ', 'ಆಯ್ತು' ಬಿಟ್ಟರೆ ಮಾತಿರಲಿಲ್ಲ.

ಅರ್ಧ ಡಬ್ಬಿಗಳಲ್ಲಿ ಗಿಡದ ಸಾರ, ಉಳಿದವುಗಳಲ್ಲಿ ಅದೇ ಬಣ್ಣ, ವಾಸನೆಯ ಬರಿಯ ಜೆಲ್. ಯಾರಿಗೆ ಯಾವುದೆಂದು ಕೊನೆಯವರೆಗೆ ಅಮ್ಮನಿಗೂ ತಿಳಿಯುವಂತಿರಲಿಲ್ಲ. ಕೆಲಸದಿಂದ ಬಂದವಳೇ ಅತ್ತೆಯ ಪಕ್ಕ ಕೂತು ಹಚ್ಚುತ್ತಿದ್ದಳು. ಹಚ್ಚುತ್ತ ಹಚ್ಚುತ್ತ ಮಾತು ಬೆಳೆಯಿತು, ನಗು ಬಂತು.

"ನಿನ್ನ ಕೈಗೂ ಒಂಚೂರು ಹಚ್ಕೊಳ್ಳೇ, ಬೆಂದು ಹೋಗಿದೆ."

"ಇದಕ್ಕೆ ಬೇರೆ ಏನೂ ಸೋಕಿಸೋ ಹಾಗಿಲ್ಲ ಅತ್ತೆ. ನನ್ನ ಪರೀಕ್ಷೆ ಕೆಡುತ್ತೆ."

ಪರೀಕ್ಷೆ ಮುಗಿದು ಗುಟ್ಟು ಹೊರಬಿದ್ದಾಗ, ಅತ್ತೆಯದು ಬರಿಯ ಜೆಲ್. ಆಮೇಲೂ ಅಮ್ಮ, ಅತ್ತೆಗೆ ಹೇಳದೆ, ಅದನ್ನೇ ಮಾಡಿ ತಂದು ಹಚ್ಚುತ್ತಿದ್ದಳು.

\*

"ತಗೋ ಅಜ್ಜಿ, ನಿನ್ನ ಔಷಧಿ." ಮಗಳು ಮುಚ್ಚಳ ತೆರೆದಳು.

"ಔಷಧಿಯಂತೆ! ಬರೀ ಜೆಲ್ಲು ಅಂತ ಅವಳು ಫೋನಲ್ಲಿ ಹೇಳಿದ್ದು ಕೇಳಿಸ್ಕೊಂಡಿದೀನಿ. ಕೈ ಕೆಟ್ಟಿತ್ತು, ಕಿವಿ ಕೆಟ್ಟಿರಲಿಲ್ಲ."

"ಮತ್ತೆ ಇಷ್ಟು ವರ್ಷ ದಿನಾ ಹಚ್ಚಿಸ್ಕೊಂಡ್ಯಲ್ಲ?"

"ವಾಸಿ ಆಯ್ತು ಅಂದಿದ್ರೆ ಅವಳು ನನ್ನ ಪಕ್ಕ ಕೂರ್ತಿದ್ಲಾ?" ಅಜ್ಜಿ ಡಬ್ಬಿ ಕಿತ್ತುಕೊಂಡಳು. "ಇವತ್ತು ಕೇಳಿದ್ದು ನನಗಲ್ಲ. ಏಳಿಸು ನನ್ನ."

ಹೊರಗೆ ಗಾಡಿ ಬಂದಿತ್ತು. "ಹೊತ್ತಾಯ್ತು, ಎತ್ತೋಣ," ಎನ್ನುತ್ತಿದ್ದ ಗಂಡಸರು ಅಜ್ಜಿಯನ್ನು ಕಂಡು ಹಿಂದೆ ಸರಿದರು. ಅವಳು ಸೊಸೆಯ ಪಕ್ಕ ಕಷ್ಟಪಟ್ಟು ಕೂತಳು. ಹೊದಿಕೆ ಸರಿಸಿ ಆ ತೋಳನ್ನು ತನ್ನ ತೊಡೆಯ ಮೇಲೆಳೆದುಕೊಂಡಳು. ಡಬ್ಬಿಗೆ ಬೆರಳದ್ದಿ, ಒಂದು ಚೌಕದಿಂದ ಇನ್ನೊಂದಕ್ಕೆ, ಒತ್ತದೆ, ಸುತ್ತಿ ಸುತ್ತಿ ಹಚ್ಚತೊಡಗಿದಳು.

ಗಾಡಿಯವನು ಎಂಜಿನ್ ಆರಿಸಿದ.